ಮುಪ್ಪಿನ ಶೃಂಗಾರ

1906ರಲ್ಲಿ ಜನಿಸಿ, ಜಟ್ಟಿ ತಾಯಮ್ಮನವರಲ್ಲಿ ನೃತ್ಯವನ್ನು ಅಭ್ಯಸಿಸಿ, ಮೈಸೂರರಮನೆಯ ಆಸ್ಥಾನನರ್ತಕಿಯಾಗಿ, 1992ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾದ ಕೆ. ವೆಂಕಟಲಕ್ಷಮ್ಮನವರು ಮುಪ್ಪಿನಲ್ಲಿಯೂ ಅಭಿನಯವನ್ನು ಬಿಡದಿದ್ದುದನ್ನು ನೆನೆದಾಗ, ಸುಕ್ಕುಗಟ್ಟಿದ ಮೊಗದಲ್ಲಿ ಮೂಡುವ ಶೃಂಗಾರವು ಯಾರದೆಂಬ ಪ್ರಶ್ನೆ ಏಳದಿರದು. ಶರೀರದ್ದೇ ಆಗಿದ್ದರೆ ಅದು ಯೌವನದೊಡನೆಯೇ ಅಸ್ತಮಿಸಬೇಕಿತ್ತು. ರಸವು ನಟರ ಸ್ವಂತ ಭಾವವಲ್ಲ, ದೇಶಕಾಲವ್ಯಕ್ತಿಗಳ ಕಟ್ಟು ಕಳಚಿ, ಸಾಧಾರಣೀಕರಣಗೊಂಡು, ಸಹೃದಯನಲ್ಲಿ ಆಸ್ವಾದ್ಯವಾಗುವಂಥದು ಎಂಬ ಅಭಿನವಗುಪ್ತನ ಸಿದ್ಧಾಂತಕ್ಕೆ ಇಂಥ ವೃದ್ಧೆಯರ ಅಭಿನಯಕ್ಕಿಂತ ಪ್ರಬಲವಾದ ನಿದರ್ಶನವನ್ನು ನಾನರಿಯೆ. ತರುಣಿಯು ನರ್ತಿಸುವಾಗಲಾದರೋ ನಾವು ಮೆಚ್ಚಿದುದು ನಾಯಿಕೆಯನ್ನೋ ನರ್ತಕಿಯನ್ನೋ ಎಂಬ ಸಂದೇಹ (ರಸಿಕರು ಇದನ್ನು ಒಪ್ಪಿಕೊಳ್ಳುವುದು ವಿರಳ) ಉಳಿದೇ ಉಳಿಯುತ್ತದೆ. ಅರೆಮಂಡಿ, ಉತ್ಪ್ಲವನಗಳು ಮುಪ್ಪಿಗೆ ಒಗ್ಗವು, ದಿಟ. ಕಣ್ಣು, ಹುಬ್ಬು, ಹಸ್ತಗಳಿಗೆ ಆ ತೊಡಕಿಲ್ಲ. ಆದುದರಿಂದ ವೃದ್ಧೆಯರು ರಂಗವನ್ನು ತೊರೆಯಬೇಕೆಂಬ ಆಕ್ಷೇಪವು ನಮ್ಮ ರಸಮೀಮಾಂಸೆಗೆ ಸಮ್ಮತವಲ್ಲ.