ಆಟ ಮುಗಿದ ಮೇಲಿನ ಕಾಯಕ

ಮನುಷ್ಯನಿಗೆ ಮುಪ್ಪು ಒಮ್ಮೆ ಬರುವುದೆಂದು ಲೋಕವು ತಿಳಿದಿರುವುದಷ್ಟೆ. ಆಟಗಾರನಿಗಾದರೋ ಅದು ಎರಡು ಸಲ ಬರುತ್ತದೆ. ತಲೆ ನೆರೆಯುವುದಕ್ಕೆ ಬಹು ಮೊದಲೇ, ಮೂವತ್ತು ಮೂವತ್ತೈದರ ವಯಸ್ಸಿನಲ್ಲಿ, ಅವನ ಹೆಸರಿಗೆ 'ಮಾಜಿ' ಎಂಬ ಶಬ್ದವು ಬಂದು ಅಂಟಿಕೊಳ್ಳುತ್ತದೆ. ಓರಗೆಯವರು ತಮ್ಮ ವೃತ್ತಿಯಲ್ಲಿ ಏಳಿಗೆ ಹೊಂದತೊಡಗುವ ಕಾಲದಲ್ಲಿಯೇ ಅವನು ಇಳಿದು ಬರಬೇಕಾಗುತ್ತದೆ. ಹೀಗಿರಲು, ಕಾಯಕತತ್ತ್ವವನ್ನು ನಂಬಿದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ದೇಹದ ಕಸುವನ್ನೇ ನೆಮ್ಮಿ ನಿಂತ ಕಾಯಕವು ಆ ಕಸುವಿನೊಡನೆಯೇ ಮುಗಿದುಹೋಗುವುದೆ?

ಈ ಪ್ರಶ್ನೆಯು ಪಂಡಿತರ ಚರ್ಚೆಯಿಂದ ಹುಟ್ಟಿದುದಲ್ಲ. ಮಾರ್ಕೋನಹಳ್ಳಿಯ ಗೃಹಸ್ಥರೊಬ್ಬರು ಎಡೆಯೂರಿನಲ್ಲಿ ಶ್ರೀ ಸಿದ್ಧಲಿಂಗೇಶ್ವರರ ಗದ್ದುಗೆಯ ದರ್ಶನ ಮುಗಿಸಿಕೊಂಡು ಬಂದು ತಮ್ಮ ಸಂಕಟವನ್ನು ತೋಡಿಕೊಂಡರು. "ನಮ್ಮ ಹುಡುಗ ಹನ್ನೆರಡು ವರ್ಷ ಕ್ರಿಕೆಟ್ಟಿಗೇ ಮೀಸಲಾದ, ಸ್ವಾಮಿ. ಓದು ಅರ್ಧಕ್ಕೆ ನಿಂತಿತು. ಈಗ ಮಂಡಿ ಕೆಟ್ಟಿದೆ, ತಂಡದವರು ಕರೆಯುವುದಿಲ್ಲ. ಇಪ್ಪತ್ತೇಳಕ್ಕೇ ನಾನು ಮುಗಿದುಹೋದೆನಪ್ಪಾ ಎಂದು ಬಾಗಿಲು ಹಾಕಿಕೊಂಡು ಕೂರುತ್ತಾನೆ" ಎಂದರು. ಆ ತಂದೆಗೆ ಕೊಡಬೇಕಾದ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ.

ನಮ್ಮ ಶರಣರ ಹೆಸರುಗಳನ್ನು ಒಮ್ಮೆ ನೆನೆಯೋಣ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ. ಚೌಡಯ್ಯನವರ ಹುಟ್ಟು ನೀರಿನಿಂದ ಮೇಲೆದ್ದು ಎಂಟುನೂರು ವರ್ಷಗಳಿಗೂ ಮಿಗಿಲಾಯಿತು. ಆದರೂ ಅವರನ್ನು 'ಮಾಜಿ ಅಂಬಿಗ'ರೆಂದು ಯಾರೂ ಕರೆದುದಿಲ್ಲ. ಏಕೆ? ದೋಣಿ, ಬಟ್ಟೆ, ಹಗ್ಗ ಇವು ವೃತ್ತಿಯ ಉಪಕರಣಗಳು, ಅವು ಸವೆಯುತ್ತವೆ. ಸತ್ಯಶುದ್ಧವಾಗಿ ದುಡಿದು, ದುಡಿದುದನ್ನು ಸಮಾಜಕ್ಕೆ ಸಮರ್ಪಿಸುವ ಭಾವವೇ ಕಾಯಕ, ಅದಕ್ಕೆ ಸವಕಳಿಯಿಲ್ಲ. ವೃತ್ತಿಗೆ ನಿವೃತ್ತಿಯುಂಟು, ಕಾಯಕಕ್ಕಿಲ್ಲ.

ನಮ್ಮ ನಾಡಿನ ಕ್ರಿಕೆಟ್ ಆಟಗಾರರ ಬಾಳಿನಲ್ಲಿ ಈ ಮಾತಿಗೆ ನಿದರ್ಶನಗಳಿವೆ. ಭದ್ರಾವತಿಯಲ್ಲಿ ಹುಟ್ಟಿದ ಶ್ರೀ ಗುಂಡಪ್ಪ ವಿಶ್ವನಾಥರು 1980ರಲ್ಲಿ ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟ್ ಪಂದ್ಯದಲ್ಲಿ ಭಾರತ ತಂಡದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಔಟಾದರೆಂದು ಅಂಪೈರು ತೀರ್ಪು ಕೊಟ್ಟಾಗಿತ್ತು. ಅದು ಸರಿಯಲ್ಲವೆಂದು ತೋರಿದುದರಿಂದ ವಿಶ್ವನಾಥರು ಎದುರಾಳಿಯನ್ನು ಮರಳಿ ಆಡಲು ಕರೆದರು. ಭಾರತವು ಆ ಪಂದ್ಯದಲ್ಲಿ ಸೋತಿತು. ಆಟ ಬಿಟ್ಟ ಮೇಲೆ ಅವರು ಅಂತರರಾಷ್ಟ್ರೀಯ ಪಂದ್ಯಗಳಿಗೆ ರೆಫರಿಯಾಗಿ, ಅನ್ಯರ ನಡತೆಯನ್ನು ತೂಗುವ ಸ್ಥಾನದಲ್ಲಿ ಕುಳಿತರು. ಆ ಸ್ಥಾನಕ್ಕೆ ಬೇಕಾದ ಯೋಗ್ಯತೆಯನ್ನು ಅವರು ಸೋತ ದಿನವೇ ಸಂಪಾದಿಸಿದ್ದರೆಂದು ಹೇಳಿದರೆ ತಪ್ಪಾಗಲಾರದು.

ಶ್ರೀ ರಾಹುಲ್ ದ್ರಾವಿಡರು 2012ರಲ್ಲಿ ನಿವೃತ್ತರಾದಾಗ ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿದ್ದರು. ಅನಂತರ ಅವರು ಕೈಗೊಂಡುದು ಎಳೆಯರನ್ನು ತಿದ್ದುವ ಕೆಲಸವನ್ನು. 2018ರಲ್ಲಿ ಅವರ ಶಿಷ್ಯರು 19 ವರ್ಷದೊಳಗಿನವರ ವಿಶ್ವಕಪ್ಪನ್ನು ಗೆದ್ದರು. ತರಬೇತುದಾರರಾದ ಅವರಿಗೆ 50 ಲಕ್ಷ ರೂಪಾಯಿ, ಜೊತೆಗಿದ್ದ ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ಎಂದು ಬಹುಮಾನ ಘೋಷಣೆಯಾಯಿತು. ಎಲ್ಲರೂ ಸಮನಾಗಿ ದುಡಿದಿರುವಾಗ ಈ ಭೇದವೇಕೆಂದು ಅವರು ಆಕ್ಷೇಪಿಸಿದರು. ಕೊನೆಗೆ ಎಲ್ಲರಿಗೂ 25 ಲಕ್ಷವೆಂದು ನಿಶ್ಚಯವಾಯಿತು. ಇದನ್ನು ಕೇಳಿದಾಗ ಆಯ್ದಕ್ಕಿ ಲಕ್ಕಮ್ಮನವರ ನೆನಪು ಬಾರದಿರದು. ಪತಿಯಾದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಧಿಕವಾದುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದ ಮಹಾತಾಯಿ ಆಕೆ. ತನಗೆ ಸಲ್ಲದುದನ್ನು ಬೇಡವೆನ್ನುವ ಬಲವು ತೋಳಿನದಲ್ಲ, ಮನಸ್ಸಿನದು. ಅದಕ್ಕೆ ವಯಸ್ಸಿನ ಮಿತಿಯಿಲ್ಲ.

"ಇವರೆಲ್ಲ ಕೀರ್ತಿವಂತರು, ಸಿರಿವಂತರು. ಮೇಲೇರಲಾರದೆ ಅರ್ಧದಾರಿಯಲ್ಲಿ ಉಳಿದವನ ಗತಿಯೇನು?" ಎಂದು ಆ ತಂದೆಯು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ದೂರದ ಅಮೆರಿಕದ ಒಂದು ಸಂಗತಿಯನ್ನು ಹೇಳಬಯಸುತ್ತೇನೆ. ಅಲ್ಲಿ ಬೇಸ್‌ಬಾಲ್ ಎಂಬ ಚೆಂಡುದಾಂಡಿನ ಆಟಕ್ಕೆ ನಮ್ಮಲ್ಲಿ ಕ್ರಿಕೆಟ್ಟಿಗಿರುವಷ್ಟೇ ಮನ್ನಣೆಯುಂಟು. ಆರ್ಚಿಬಾಲ್ಡ್ ಗ್ರಹಾಂ ಎಂಬವರು 1905ರಲ್ಲಿ ನ್ಯೂಯಾರ್ಕಿನ ಹೆಸರಾಂತ ತಂಡದಲ್ಲಿ ಒಂದೇ ಒಂದು ಪಂದ್ಯಕ್ಕೆ, ಅದೂ ಕೊನೆಯ ಹೊತ್ತಿನಲ್ಲಿ, ಮೈದಾನಕ್ಕಿಳಿದರು. ದಾಂಡು ಹಿಡಿಯುವ ಸರದಿಯೂ ಅವರಿಗೆ ಬರಲಿಲ್ಲ. ಆ ಮಟ್ಟದ ಆಟಕ್ಕೆ ಮತ್ತೆ ಕರೆಯೂ ಬರಲಿಲ್ಲ. ವೈದ್ಯಶಾಸ್ತ್ರವನ್ನು ಕಲಿತಿದ್ದ ಅವರು ಚಿಸ್‌ಹೋಮ್ ಎಂಬ ಗಣಿಕೆಲಸಗಾರರ ಊರನ್ನು ಸೇರಿ, ದಶಕಗಳ ಕಾಲ ಶಾಲೆಯ ಮಕ್ಕಳ ವೈದ್ಯರಾಗಿ ಬಾಳಿ, 1965ರಲ್ಲಿ ತೀರಿಕೊಂಡರು. ಆ ಊರಿನ ಮಕ್ಕಳಿಗೆ ಅವರು ಸೋತ ಆಟಗಾರರಾಗಿರಲಿಲ್ಲ, ತಮ್ಮ ವೈದ್ಯರಾಗಿದ್ದರು.

ಇಲ್ಲಿ ತಂದೆತಾಯಿಗಳಿಗೂ ಒಂದು ಮಾತು ಉಂಟು. ಗ್ರಹಾಂ ಅವರ ಕೈಯಲ್ಲಿ ಇನ್ನೊಂದು ವಿದ್ಯೆಯಿತ್ತು. ನಮ್ಮ ಶ್ರೀ ಎರಾಪಳ್ಳಿ ಪ್ರಸನ್ನರೂ 1962ರಲ್ಲಿ ಟೆಸ್ಟ್ ಆಟಗಾರರಾದ ಬಳಿಕ ಎಂಜಿನಿಯರಿಂಗ್ ಓದಿಗಾಗಿ ಕೆಲವು ವರ್ಷ ಆಟವನ್ನೇ ಬದಿಗಿರಿಸಿ, ಆಮೇಲೆ ಮರಳಿ ಬಂದು ಒಟ್ಟು 189 ಟೆಸ್ಟ್ ವಿಕೆಟ್ಟುಗಳನ್ನು ಪಡೆದರು. ಕಾಯಕವು ಹೊಟ್ಟೆಗೆ ಅನ್ನವನ್ನೂ ಕೊಡಬೇಕೆಂಬುದು ಶರಣರ ಮತ. ಹೊಲ ಮಾರಿ, ಓದು ಬಿಡಿಸಿ, ಮಗನ ಎಳೆಯ ಮೊಣಕಾಲಿನ ಮೇಲೆ ಮನೆಯ ಭಾರವನ್ನೆಲ್ಲ ಹೇರುವುದು ಪ್ರೀತಿಯಂತೆ ಕಂಡರೂ ವಿವೇಕವೆನಿಸದು.

ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಜಲಾಶಯವಿದೆ. ಅಲ್ಲಿಯ ಸೈಫನ್ ಏರ್ಪಾಡು ವಿಶೇಷವಾದುದು. ನೀರು ಗೊತ್ತಾದ ಮಟ್ಟಕ್ಕೆ ತುಂಬಿತೆಂದರೆ ಯಾರೂ ಬಾಗಿಲು ಎತ್ತಬೇಕಾಗಿಲ್ಲ, ತಾನಾಗಿಯೇ ಹೊರಕ್ಕೆ ಹರಿಯುತ್ತದೆ. ಹನ್ನೆರಡು ವರ್ಷಗಳಲ್ಲಿ ಆ ಹುಡುಗನಲ್ಲಿ ತುಂಬಿಕೊಂಡ ಶಿಸ್ತು, ತಾಳ್ಮೆ, ಸೋಲನ್ನು ನುಂಗುವ ಧೈರ್ಯ ಇವು ಮಂಡಿಯೊಡನೆ ಮುರಿದಿಲ್ಲ. ಹರಿಯುವ ದಾರಿಯೊಂದು ಬೇಕಾಗಿದೆ ಅಷ್ಟೆ. ನಮ್ಮ ಊರುಗಳ ಗರಡಿಗಳಲ್ಲಿ ವಯಸ್ಸಾದ ಪೈಲ್ವಾನರು ಉಸ್ತಾದರಾಗಿ ಎಳೆಯರಿಗೆ ಪಟ್ಟುಗಳನ್ನು ಕಲಿಸುತ್ತ ಬಂದುದು ಈ ದಾರಿಯಲ್ಲಿಯೇ. ಅದೇ ವಿದ್ಯೆಯ ದಾಸೋಹ.

ಆದುದರಿಂದ ಆ ತಂದೆಗೆ ಇಷ್ಟನ್ನು ಅರಿಕೆ ಮಾಡುತ್ತೇನೆ: ಮಗನಿಗೆ ಬುದ್ಧಿ ಹೇಳುವುದನ್ನು ಕೆಲವು ದಿನ ನಿಲ್ಲಿಸಿರಿ. ನಿಂತ ಓದನ್ನೋ ಮನೆಯ ಬೇಸಾಯವನ್ನೋ ಅವನು ಕೈಗೆತ್ತಿಕೊಳ್ಳಲು ನೆರವಾಗಿರಿ. ಸಂಜೆ ಊರ ಶಾಲೆಯ ಬಯಲಿನಲ್ಲಿ ಮಕ್ಕಳು ಆಡುವಾಗ ಅವನನ್ನು ಜೊತೆಗೆ ಕರೆದೊಯ್ಯಿರಿ. ಚೆಂಡನ್ನು ಹಿಡಿಯುವ ಬಗೆಯನ್ನು ಒಂದು ಮಗು ಅವನಿಂದ ಕಲಿತ ದಿನ, ಅವನ ಹೆಸರಿನಿಂದ 'ಮಾಜಿ' ಎಂಬ ಶಬ್ದವು ತಾನಾಗಿಯೇ ಕಳಚಿ ಬೀಳುವುದು.