ಆಕಾಶಪರೀಕ್ಷೆ

ಅನ್ನವು ಬೆಂದಿತೋ ಇಲ್ಲವೋ ಎಂದರಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕೆಂಬುದು ಸ್ಥಾಲೀಪುಲಾಕನ್ಯಾಯ. ಆಕಾಶದ ವಿಷಯದಲ್ಲಿ ಈ ನ್ಯಾಯವು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಅಫಜಲಪುರ ತಾಲೂಕಿನ ಕರಜಗಿಗೆ ನೆರೆಯದಾದ ಸೊಲ್ಲಾಪುರ ಸೀಮೆಯಲ್ಲಿ, 2018 ಮತ್ತು 2019ರ ಮಳೆಗಾಲಗಳಲ್ಲಿ, ಪುಣೆಯ ಹವಾಮಾನ ಸಂಸ್ಥೆಯವರು ಮೋಡಬಿತ್ತನೆಯ ಪ್ರಯೋಗವನ್ನು ನಡೆಸಿದರು. 276 ಮೋಡಗಳನ್ನು ಆಯ್ದು, ಕೆಲವಕ್ಕೆ ವಿಮಾನದಿಂದ ಲವಣಕಣಗಳನ್ನು ಬಿತ್ತಿ, ಮಿಕ್ಕವನ್ನು ಹೋಲಿಕೆಗಾಗಿ ಹಾಗೆಯೇ ಬಿಟ್ಟರು. ಸರಾಸರಿ ಶೇಕಡಾ 18ರಷ್ಟು ಮಳೆಯು ಹೆಚ್ಚಿತೆಂದು ಕಂಡುಬಂದಿತು. ತೊಗರಿಯು ಒಣಗುತ್ತಿರಲು ಮೋಡವನ್ನು ಬಿತ್ತದೆ ಬಿಡುವುದು ನಿರ್ದಯವಲ್ಲವೇ ಎಂದು ಒಕ್ಕಲಿಗನು ಕೇಳಬಹುದು. ಎಲ್ಲವನ್ನೂ ಬಿತ್ತಿದ್ದರೆ, ಬಿದ್ದ ಮಳೆಯು ಬಿತ್ತನೆಯ ಫಲವೋ ಋತುವಿನ ಫಲವೋ ಎಂದು ಯಾರೂ ಹೇಳಲಾರರು. ಬಿಟ್ಟ ಮೋಡವೇ ಇಲ್ಲಿ ಸಾಕ್ಷಿ.

ಇದಕ್ಕಿಂತ ಗಹನವಾದುದು ಬಿಸಿಲನ್ನೇ ತಗ್ಗಿಸುವ ಆಲೋಚನೆ. 1991ರಲ್ಲಿ ಪಿನಟುಬೊ ಜ್ವಾಲಾಮುಖಿಯು ಸಿಡಿದು, ಅದರ ಸೂಕ್ಷ್ಮಕಣಗಳು ಮೇಲಣ ವಾಯುಮಂಡಲವನ್ನು ಸೇರಲು, ಭೂಮಿಯು ಸುಮಾರು ಅರ್ಧ ಡಿಗ್ರಿಯಷ್ಟು ತಣಿಯಿತು. ಅಂತಹ ಕಣಗಳನ್ನು ಮನುಷ್ಯನೇ ಚೆಲ್ಲಬಹುದೇ? ಹಾರ್ವರ್ಡ್ ವಿಶ್ವವಿದ್ಯಾಲಯದವರು ಇದರ ಪೂರ್ವಸಿದ್ಧತೆಗಾಗಿ 2021ರಲ್ಲಿ ಸ್ವೀಡನ್ನಿನ ಕಿರುನಾದಿಂದ ಬಲೂನನ್ನು ಹಾರಿಸಲೆಣಿಸಿದ್ದರು. ಅಲ್ಲಿಯ ಸಾಮಿ ಜನರ ಮಂಡಲಿಯು ಆಕ್ಷೇಪಿಸಲು ಅದು ನಿಂತಿತು. 2024ರಲ್ಲಿ ಯೋಜನೆಯೇ ಕೈಬಿಡಲ್ಪಟ್ಟಿತು.

ಕೆಲವು ಸೇರು ಕಣಗಳ ಪ್ರಯೋಗವು ಕಣಗಳ ಗುಣವನ್ನು ತಿಳಿಸೀತು. ಮುಂಗಾರಿನ ಗತಿಯನ್ನು ತಿಳಿಸಲಾರದು. ಅದನ್ನರಿಯಲು ಇಡೀ ಗಗನವನ್ನೇ ಬಳಸಬೇಕು. ಆಗ ಹೋಲಿಕೆಗೆ ಬಿಡಲು ಇನ್ನೊಂದು ಗಗನವಿಲ್ಲ. ಆದುದರಿಂದ ಅಲ್ಪಪ್ರಯೋಗವು, ಆ ನಾಡಿನವರ ಸಮ್ಮತಿಯಿದ್ದಲ್ಲಿ, ಮಾಡತಕ್ಕದ್ದೇ ಸರಿ. ಆದರೆ ಈ ಪಾತ್ರೆಯ ಅಗುಳು ಬೆಂದಿತೆಂದು, ಒಲೆಯನ್ನೇ ಏರದ ಇನ್ನೊಂದು ಪಾತ್ರೆಯ ಅನ್ನವನ್ನು ಲೋಕಕ್ಕೆ ಬಡಿಸಹೊರಡುವುದು ವಿವೇಕವಲ್ಲ.