ಹಳೆಯ ಗಾಡಿ, ಹೊಸ ನಂಬರು

ನಮ್ಮ ಮನೆಯ ಮುಂದೆ ಒಂದು ಯೆಜ್ಡಿ ಮೋಟಾರ್ ಸೈಕಲ್ಲು ನಿಂತಿದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ನಮ್ಮ ತಂದೆಯವರು 1983ರಲ್ಲಿ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದು ನಮ್ಮ ಹಿಂದೆ ಪುಣೆಗೆ ಬಂತು. ಗಾಡಿಯನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ ಅಲ್ಲಿಯ ನಂಬರು ಪಡೆಯಬೇಕೆಂಬುದು ನಿಯಮ. ಹಾಗಾಗಿ ಅದಕ್ಕೆ ಎಂ.ಎಚ್. 12ರ ಹೊಸ ಹಲಗೆ ಬಂತು. ರೇಷನ್ ಕಾರ್ಡು ಬದಲಾಯಿಸಿಕೊಂಡ ನಮ್ಮ ಹಾಗೆಯೇ ಆಯಿತೆಂದು ಮನೆಯಲ್ಲಿ ನಕ್ಕೆವು.

ಕಳೆದ ವರ್ಷ ಕಾತ್ರಜ್ ಘಾಟಿನಲ್ಲಿ ಅದು ನಿಂತುಬಿಟ್ಟಿತು. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೋಡೆ ಗೀರಿಹೋಗಿತ್ತು, ಕ್ರ್ಯಾಂಕ್‌ಕೇಸು ಬಿರುಕು ಬಿಟ್ಟಿತ್ತು. ಕಾರ್ಖಾನೆಯೋ 1996ರಲ್ಲೇ ಮುಚ್ಚಿದೆ. ಅದೇ ಹೆಸರಿನಲ್ಲಿ 2022ರಿಂದ ಬರುತ್ತಿರುವ ಗಾಡಿಗಳು ಫೋರ್ ಸ್ಟ್ರೋಕಿನವು. ಅವುಗಳ ಭಾಗಗಳು ಇದಕ್ಕೆ ಹೊಂದುವುದಿಲ್ಲ. ಉಳಿದದ್ದು ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳು, ಮತ್ತು ಭಾನುವಾರ ಬುಧವಾರ ಸೇರುವ ಜುನಾ ಬಜಾರು.

ಬಿ.ಎಸ್ಸಿ. ಓದಿದ ಅಲ್ಪ ವಿದ್ಯೆ ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂತು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿನೊಳಗೆ ಬಂದು, ಪಿಸ್ಟನ್ ಇಳಿಯುವಾಗ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಕೇಸು ಬಿರುಕು ಬಿಟ್ಟರೆ ಒತ್ತಡ ನಿಲ್ಲದು. ಅದರ ಎರಡು ಹೋಳುಗಳನ್ನು ಜೋಡಿಯಾಗಿಯೇ ಕೊರೆದಿರುವುದರಿಂದ ಒಂದನ್ನು ಮಾತ್ರ ಬದಲಾಯಿಸಿದರೆ ಸರಿಯಾಗಿ ಕೂರದು. ಎಂಜಿನ್ ನಂಬರು ಅಚ್ಚಾಗಿರುವುದೂ ಆ ಕೇಸಿನ ಮೇಲೆಯೇ. ಕೊನೆಗೆ ಕೇಸು ಒಂದು ಗಾಡಿಯದು, ಸಿಲಿಂಡರು ಮತ್ತೊಂದರದು, ಗೇರು, ಕ್ಲಚ್ಚು ಮತ್ತು ಗೇರಿಗೂ ಕಿಕ್ಕಿಗೂ ಒಂದೇ ಆದ ಆ ಕಾಲ್ಕಡ್ಡಿ ನಮ್ಮ ತಂದೆಯವರದು ಎಂದಾಯಿತು.

ಆಗ ಮೆಕ್ಯಾನಿಕ್ಕು ಬಹಳ ಸಹಜವಾಗಿ ಹೇಳಿದ: “ಸಾಹೇಬ್, ಈ ಕೇಸಿನ ನಂಬರು ಉಜ್ಜಿ ನಿಮ್ಮ ಹಳೇ ನಂಬರೇ ಹೊಡೆದುಬಿಡ್ತೇನೆ. ಅದೇ ಕಂಪನಿ, ಅದೇ ಮಾಡೆಲ್ಲು. ಯಾರಿಗೆ ನಷ್ಟ?”

ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ಕಚೇರಿ ಅಲೆಯುವುದು ತಪ್ಪುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅದು ತಂದೆಯವರು ಕೊಂಡ ದಿನದ ನಂಬರು. ನಾಳೆ ಹೇಳುತ್ತೇವೆಂದು ಮನೆಗೆ ಬಂದೆವು. ಮಗಳು ಕೇಳಿದಳು: “ಅಪ್ಪಾ, ಇಷ್ಟೆಲ್ಲ ಬದಲಾಯಿಸಿದ ಮೇಲೂ ಅದು ತಾತನ ಬೈಕೇನಾ?”

ಈ ಪ್ರಶ್ನೆ ಹೊಸದಲ್ಲ. ಗ್ರೀಕ್ ಮೂಲದ ರಾಜ ಮಿಲಿಂದನಿಗೆ ಭಿಕ್ಷು ನಾಗಸೇನನು ಕೇಳಿದ್ದೂ ಇದನ್ನೇ ಎಂದು ‘ಮಿಲಿಂದ ಪನ್ಹ’ ಎಂಬ ಪಾಲಿ ಗ್ರಂಥ ಹೇಳುತ್ತದೆ. ನೀನು ಬಂದ ರಥ ಯಾವುದು? ಗಾಲಿಯೇ, ಅಚ್ಚೇ, ನೊಗವೇ? ಯಾವುದೂ ಅಲ್ಲ, ಇವೆಲ್ಲ ಕೂಡಿದಾಗ ನಾವು ಇಟ್ಟ ಹೆಸರು ರಥ. ಅಥೆನ್ಸಿನವರು ಥೀಸಿಯಸ್ಸಿನ ಹಡಗಿನ ಕೊಳೆತ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಬಂದರೆಂದು ಪ್ಲೂಟಾರ್ಕ್ ಬರೆದ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇದಕ್ಕೊಂದು ಕೊಕ್ಕೆ ಹಾಕಿದ: ಕಳಚಿದ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಎರಡರಲ್ಲಿ ಯಾವುದು ಅಸಲು?

ಇದು ತಾತನ ಬೈಕೇ ಎನ್ನಲು ನಾಗಸೇನನ ಮಾತು ಸಾಕು. ಆದರೆ ಮೆಕ್ಯಾನಿಕ್ಕಿನ ಪ್ರಶ್ನೆ ಬೇರೆ. ವಸ್ತು ಅದೇ ಹೌದೋ ಅಲ್ಲವೋ ಎಂಬುದು ಜಿಜ್ಞಾಸೆಯ ಮಾತು. ಅದರ ಬಗ್ಗೆ ನಾಲ್ಕು ಜನರಿಗೆ ನಾವು ಏನು ಹೇಳುತ್ತೇವೆ ಎಂಬುದು ನಡತೆಯ ಮಾತು. ಮೊದಲನೆಯದು ತೀರ್ಮಾನವಾಗದಿದ್ದರೂ ಎರಡನೆಯದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಯಾರಿಗೆ ನಷ್ಟ ಎಂಬುದಕ್ಕೂ ಉತ್ತರವಿದೆ. ಕಳುವಾದ ಗಾಡಿ ತನ್ನ ಯಜಮಾನನಿಗೆ ಮರಳಬೇಕಾದರೆ ಕೈಹಿಡಿಯುವುದು ಚಾಸಿ ನಂಬರು, ಎಂಜಿನ್ ನಂಬರು. ಒಳ್ಳೆಯ ಉದ್ದೇಶಕ್ಕೆ ಉಜ್ಜಿದ ನಂಬರಿಗೂ ಕಳ್ಳನು ಉಜ್ಜಿದ ನಂಬರಿಗೂ ಕಣ್ಣಿಗೆ ವ್ಯತ್ಯಾಸ ಕಾಣದು. ನಾವು ಒಬ್ಬರು ಉಜ್ಜಿದರೆ ಎಲ್ಲರ ನಂಬರಿನ ಮೇಲಿನ ನಂಬಿಕೆಯೂ ಅಷ್ಟು ಸವೆಯುತ್ತದೆ. ದಿನವಿಡೀ ಕಡತ ನೋಡುವ ಗುಮಾಸ್ತರಾದ ನಮಗೆ ಇದು ಗೊತ್ತಿಲ್ಲದ್ದೇನಲ್ಲ. ಸರ್ವಿಸ್ ಪುಸ್ತಕದಲ್ಲಿ ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಹಾಕುತ್ತೇವೆ, ಕೆರೆದು ಬರೆಯುವುದಿಲ್ಲ.

ಆದ್ದರಿಂದ ಬೇಡವೆಂದೆವು. ಅಷ್ಟೇ ಅಲ್ಲ, ಆ ಕೇಸಿಗೆ ರಸೀದಿಯಾಗಲಿ ಹಿಂದಿನ ಯಜಮಾನನ ಕಾಗದವಾಗಲಿ ಇರಲಿಲ್ಲವಾದ್ದರಿಂದ ಅದನ್ನೂ ಹಿಂದಿರುಗಿಸಿದೆವು. ಕಾಗದಪತ್ರವಿದ್ದ ಇನ್ನೊಂದು ಕೇಸು ಸಿಗಲು ಎರಡು ತಿಂಗಳು ಹಿಡಿಯಿತು, ಹಣವೂ ಹೆಚ್ಚು ಹೋಯಿತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಎಂಜಿನ್ ಬದಲಾದರೆ ಹದಿನಾಲ್ಕು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ತಿಳಿಸಿದೆವು. ಎರಡು ಕ್ಯಾಶುವಲ್ ಲೀವು ಖರ್ಚಾದವು. ಹೊಸ ನಂಬರು ದಾಖಲೆಗೆ ಸೇರಿತು. ಬಿರುಕು ಬಿಟ್ಟ ಹಳೆಯ ಕೇಸನ್ನು ಗುಜರಿಗೆ ಹಾಕಲಿಲ್ಲ. ಹಾಬ್ಸ್ ಹೇಳಿದ ಎರಡನೆಯ ಹಡಗು ತಂದೆಯವರ ನಂಬರು ಹೊತ್ತು ಊರಲ್ಲಿ ತಿರುಗುವುದು ಬೇಡವೆಂದು ಮನೆಯಲ್ಲೇ ಇಟ್ಟುಕೊಂಡಿದ್ದೇವೆ.

ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳೂ ಹೀಗೆ ಜೋಡಣೆಯಾದವೇ ಅಲ್ಲವೆ? ಬೆಳಿಗ್ಗೆ ಪೋಹೆ, ಮಧ್ಯಾಹ್ನ ಹುಳಿ. ಮಕ್ಕಳ ಕನ್ನಡದ ನಡುವೆ ಮರಾಠಿ ನುಸುಳುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ರಜೆಗೆ ಊರಿಗೆ ಹೋದಾಗ ಅಪ್ಪಟ ಮೈಸೂರಿನವರೇ ಎಂಬಂತೆ ಮಕ್ಕಳ ಮಾತನ್ನು ಅದುಮುವುದು, ಇಲ್ಲಿ ನೆರೆಯವರ ಮುಂದೆ ಕನ್ನಡ ಬಾರದವರಂತೆ ನಟಿಸುವುದು, ಇವೆರಡೂ ನಂಬರು ಉಜ್ಜುವ ಕೆಲಸವೇ. ನಾವೂ ಒಮ್ಮೊಮ್ಮೆ ಮಾಡಿದ್ದೇವೆ.

ಮಗಳಿಗೆ ಹೇಳಿದೆವು: “ತಾತನ ಬೈಕೇ ಪುಟ್ಟಿ. ಇನ್ನೂ ಇಬ್ಬರದೂ ಸೇರಿದೆ, ಅಷ್ಟೆ. ಯಾರಾದರೂ ಕೇಳಿದರೆ ಹಾಗೆಯೇ ಹೇಳು.”